ಹೊರಗಿನವರ ಸಲಹೆ, ನಮ್ಮ ಹೊಣೆ

ವಿಮೋಚನಕಾಂಡದ 18ನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡಿ. ಬೆಳಗಿನಿಂದ ಸಂಜೆಯವರೆಗೆ ಜನರ ವ್ಯಾಜ್ಯಗಳನ್ನು ಒಬ್ಬನೇ ತೀರಿಸುತ್ತಾ ಬಳಲುತ್ತಿದ್ದ ಮೋಶೆಗೆ ಮಾವನಾದ ಇತ್ರೋ ಸಲಹೆಯಿತ್ತನು: ದೈವಭಯವುಳ್ಳ, ಲಂಚಕ್ಕೆ ಹೇಸುವ ಜನರನ್ನು ಆರಿಸಿ, ಅವರಿಗೆ ಹೊಣೆಯನ್ನು ಹಂಚಿಕೊಡು. ಇತ್ರೋ ಮಿದ್ಯಾನಿನ ಯಾಜಕ, ಹೊರಗಿನವನು. ಆದರೂ ಮೋಶೆ ಕಿವಿಗೊಟ್ಟನು. ನೇಮಕವನ್ನು ಮಾತ್ರ ತಾನೇ ಮಾಡಿದನು. ಇತ್ರೋ ತನ್ನ ನಾಡಿಗೆ ಹಿಂದಿರುಗಿದನು. ಹೊರಗಿನ ತಜ್ಞರನ್ನು ಕೇಳುವುದು ಆಡಳಿತಕ್ಕೆ ಅವಮಾನವೇನಲ್ಲ.

ಆದರೆ ಇಂದು ಸರ್ಕಾರಿ ಇಲಾಖೆಗಳಿಗೆ ಬರುವ ಸಲಹೆಗಾರರು ಮತ್ತಾರ ಮನೆಗೆಲ್ಲ ಹೋಗಿಬರುತ್ತಾರೆ ಎಂದು ಕೇಳಬೇಕಾಗಿದೆ. ಬಹುರಾಷ್ಟ್ರೀಯ ಕಂಪನಿಗಳ ತೆರಿಗೆ ತಪ್ಪಿಸುವಿಕೆಯನ್ನು ತಡೆಯುವ ಕಾನೂನು ರೂಪಿಸುವಾಗ ಆಸ್ಟ್ರೇಲಿಯಾ ಸರ್ಕಾರವು ಪಿಡಬ್ಲ್ಯೂಸಿ ಸಂಸ್ಥೆಯ ತೆರಿಗೆ ತಜ್ಞರೊಬ್ಬರ ಸಲಹೆ ಪಡೆಯಿತು. ಅವರು ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ್ದರು. ಆದರೂ ಗುಟ್ಟು ಸಂಸ್ಥೆಯೊಳಗೆ ಹರಿದಾಡಿತು. 2016ರ ಜನವರಿಯಲ್ಲಿ ಜಾರಿಗೆ ಬಂದ ಆ ಕಾನೂನಿನಿಂದ ನುಣುಚಿಕೊಳ್ಳುವ ಉಪಾಯವನ್ನು ಬಹುರಾಷ್ಟ್ರೀಯ ಕಂಪನಿಗಳಿಗೆ ಮಾರುವುದಕ್ಕೆ ಅದು ಬಳಕೆಯಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ! 2023ರಲ್ಲಿ ಸಂಗತಿ ಬಯಲಾದಾಗ ಅಲ್ಲಿನ ಮುಖ್ಯಸ್ಥರು ಹುದ್ದೆ ತೊರೆದರು. ಸಂಸ್ಥೆಯು ತನ್ನ ಸರ್ಕಾರಿ ಸಲಹಾ ವಿಭಾಗವನ್ನು ಕೇವಲ 1 ಡಾಲರಿಗೆ ಮಾರಿತು.

ಅಂಗಡಿಯಲ್ಲಿ ಸೋಪು ಕೊಳ್ಳುವ ಬಡವಿಯೂ ತೆರಿಗೆ ಕಟ್ಟುತ್ತಾಳೆ; ನುಣುಚಿಕೊಳ್ಳುವ ದಾರಿ ತೋರಿಸಲು ಅವಳಿಗೆ ಸಲಹೆಗಾರರಿಲ್ಲ. ಇಬ್ಬರು ಯಜಮಾನರ ಸೇವೆಯ ಕುರಿತು ಪ್ರಭು ಯೇಸು ನೀಡಿದ ಎಚ್ಚರಿಕೆ ಸರ್ಕಾರಿ ಕಚೇರಿಯ ಮೇಜಿಗೂ ಸಲ್ಲುತ್ತದೆ ಎಂದೇ ನನ್ನ ಭಾವನೆ.

ನಮ್ಮ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು, ಹೊರಗಿನ ಸಲಹೆಗಾರರನ್ನು ಸ್ಪಷ್ಟವಾಗಿ ಗೊತ್ತುಪಡಿಸಿದ ಕೆಲಸಕ್ಕೆ, ಗೊತ್ತುಪಡಿಸಿದ ಅವಧಿಗೆ ನೇಮಿಸಬಹುದೆನ್ನುತ್ತವೆ. ಒಳ್ಳೆಯ ನಿಯಮವೇ. ಆದರೆ ಯಾವ ನಿಯಮದ ಕೈಗೂ ಸಿಗದ ಪ್ರಲೋಭನೆಯೊಂದಿದೆ. 'ತಜ್ಞರು ಹೀಗೆ ಹೇಳಿದರು' ಎಂದು ಅಧಿಕಾರಿಯು ತನ್ನ ಮನಸ್ಸಾಕ್ಷಿಯನ್ನು ವರದಿಯ ಮರೆಗೆ ಸರಿಸಬಹುದು. ಅರಸ ರೆಹಬ್ಬಾಮನು ಹಿರಿಯರ ಮಾತನ್ನು ಬದಿಗೊತ್ತಿ, ತನ್ನೊಡನೆ ಬೆಳೆದ ಯುವಕರ ಸಲಹೆಯಂತೆ ನಡೆದನು, ರಾಜ್ಯ ಒಡೆಯಿತು. ಪವಿತ್ರ ಗ್ರಂಥವು ದೂರುವುದು ಸಲಹೆಯಿತ್ತವರನ್ನಲ್ಲ, ಜನರ ಮೊರೆಗೆ ಕಿವುಡಾದ ಅರಸನನ್ನು.

ಇನ್ನೊಂದು ಮಾತು. ಎಲ್ಲವನ್ನೂ ಹೊರಗಿನವರೇ ಮಾಡುತ್ತಾ ಹೋದರೆ ಒಳಗಿನವರು ಕೆಲಸ ಕಲಿಯುವುದಾದರೂ ಎಂದು? ಮೋಶೆ ಅಧಿಪತಿಗಳನ್ನು ಆರಿಸಿದ್ದು ತನ್ನ ಜನರ ನಡುವಿನಿಂದಲೇ. ಆಸ್ಟ್ರೇಲಿಯಾ ಸರ್ಕಾರವು 2021-22ರ ಒಂದೇ ವರ್ಷದಲ್ಲಿ ಗುತ್ತಿಗೆಯವರು, ಸಲಹೆಗಾರರು ಮೊದಲಾದ ಹೊರಗಿನ ಕೆಲಸಗಾರರಿಗಾಗಿ ಸುಮಾರು 2,080 ಕೋಟಿ ಡಾಲರ್ ವ್ಯಯಿಸಿತ್ತು. 2023ರಲ್ಲಿ ಅದು ತನ್ನ ನೌಕರರಿಂದಲೇ ಇಲಾಖೆಗಳಿಗೆ ಸಲಹೆ ಕೊಡಿಸುವ ಒಂದು ವಿಭಾಗವನ್ನು ತೆರೆಯಿತು.