ಭ್ರಾಂತಿರೂಪಿಣಿಗೆ ನಮಸ್ಕಾರ

ನವರಾತ್ರಿಯಲ್ಲಿ ಸಪ್ತಶತಿಯ ಪಾರಾಯಣವನ್ನು ಕೇಳದ ಆಸ್ತಿಕರು ವಿರಳ. ಅದರ ಐದನೆಯ ಅಧ್ಯಾಯದಲ್ಲಿ ದೇವತೆಗಳು ಜಗನ್ಮಾತೆಯನ್ನು ಸಕಲ ಜೀವಿಗಳಲ್ಲಿ ನೆಲಸಿರುವ ಬುದ್ಧಿಯೆಂದೂ ನಿದ್ರೆಯೆಂದೂ ಹಸಿವೆಂದೂ ಸ್ಮೃತಿಯೆಂದೂ ದಯೆಯೆಂದೂ ಕರೆದು ನಮಸ್ಕರಿಸುತ್ತಾರೆ. ಮಾತೃರೂಪಕ್ಕೆ ನಮಿಸಿದ ಬೆನ್ನಿಗೇ ಭ್ರಾಂತಿರೂಪಕ್ಕೂ ನಮಿಸುತ್ತಾರೆಂಬುದು ಬಹುಮಂದಿಯ ಗಮನಕ್ಕೆ ಬಂದಿರಲಾರದು. ಭ್ರಾಂತಿ ಎಂದರೆ ಹುಚ್ಚೆಂದೇ ಅರ್ಥವಲ್ಲ. ಒಂದನ್ನು ಮತ್ತೊಂದೆಂದು ತಿಳಿಯುವುದೆಲ್ಲ ಭ್ರಾಂತಿಯೇ. ಆದರೂ ಚಿತ್ತ ಕದಡಿದವನನ್ನು ಮಾತ್ರ ದೇವಿಯ ಸನ್ನಿಧಿಯಿಂದ ಹೊರಗಿಡಲು ಸ್ತೋತ್ರದಲ್ಲಿ ಎಡೆಯಿಲ್ಲ. ಹೊರಗಿಡುವವರು ಮನುಷ್ಯರು.

ಭಾಗವತದ ಪಂಚಮ ಸ್ಕಂಧದಲ್ಲಿ ಬರುವ ಜಡಭರತನ ಕಥೆಯನ್ನು ಈ ದೃಷ್ಟಿಯಿಂದ ಓದಬೇಕು. ಜಿಂಕೆಯ ಮರಿಯೊಂದರ ಮೋಹದಿಂದ ಜಿಂಕೆಯಾಗಿಯೇ ಹುಟ್ಟಿ, ಬಳಿಕ ಬ್ರಾಹ್ಮಣಪುತ್ರನಾಗಿ ಜನಿಸಿದ ಭರತನು, ಮತ್ತೆ ಸಂಗಕ್ಕೆ ಸಿಲುಕುವೆನೆಂಬ ಭಯದಿಂದ ಲೋಕದ ಕಣ್ಣಿಗೆ ಹುಚ್ಚನಂತೆ, ಕಿವುಡನಂತೆ ನಡೆದುಕೊಂಡನು. ತಂದೆ ತೀರಿದ ಮೇಲೆ ಹಿರಿಯ ಹೆಂಡತಿಯ ಮಕ್ಕಳು ಅವನಿಗೆ ಪಾಠ ಹೇಳುವುದನ್ನು ಬಿಟ್ಟು ಹೊಲದ ಕೆಲಸಕ್ಕೆ ಹಚ್ಚಿದರು. ನುಚ್ಚು, ಹಿಂಡಿ, ತೌಡು, ತಳ ಹತ್ತಿದ ಅನ್ನ, ಇವೇ ಅವನ ಊಟ. ಒಂದು ರಾತ್ರಿ ಹೊಲ ಕಾಯುತ್ತಿದ್ದವನನ್ನು, ಸಂತಾನಾಪೇಕ್ಷೆಯಿಂದ ನರಬಲಿ ಕೊಡಲು ಹೊರಟಿದ್ದ ಕಳ್ಳರ ನಾಯಕನ ಜನ ಕಟ್ಟಿ ಒಯ್ದು ಭದ್ರಕಾಳಿಯ ಮುಂದೆ ಕೂರಿಸಿದರು. ಅವನ ತೇಜಸ್ಸನ್ನು ತಾಳಲಾರದೆ ಮೂರ್ತಿಯಿಂದ ಹೊರಬಂದ ದೇವಿ, ಅವನಿಗಾಗಿ ಎತ್ತಿದ ಕತ್ತಿಯಿಂದಲೇ ಕಳ್ಳರ ತಲೆಗಳನ್ನು ತರಿದಳು.

ಜಡಭರತನು ಜ್ಞಾನಿ, ರೋಗಿಯಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಅವನಿಗೆ ತೌಡು ಹಾಕಿದವರಿಗೆ ಅದು ತಿಳಿದಿತ್ತೆ? ಹುಚ್ಚನೆಂದು ತಿಳಿದೇ ಹಾಗೆ ನಡೆಸಿಕೊಂಡರು. ಇದಕ್ಕೆ ಪ್ರತಿಯಾದ ತಪ್ಪೂ ಒಂದುಂಟು. ಬೀದಿಯಲ್ಲಿ ತನ್ನಷ್ಟಕ್ಕೆ ಮಾತಾಡಿಕೊಳ್ಳುವ ರೋಗಿಯನ್ನು ಅವಧೂತನೆಂದು ಕೈಮುಗಿದು, ಚಿಕಿತ್ಸೆ ಕೊಡಿಸದೆ ಮುಂದೆ ಸಾಗುವುದು. ಕೈಮುಗಿದರೂ ಆ ರೋಗಿಯ ಹಸಿವು ಹಿಂಗಲಿಲ್ಲ.

ಉನ್ಮಾದವೆಂದರೇನು? ಚರಕಸಂಹಿತೆಯ ನಿದಾನಸ್ಥಾನವು ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಎಂಬ 8 ವಿಷಯಗಳು ತಮ್ಮ ನೆಲೆ ತಪ್ಪುವುದನ್ನು ಉನ್ಮಾದವೆನ್ನುತ್ತದೆ. (ಇಲ್ಲಿ ಭಕ್ತಿಯೆಂದರೆ ಅಭಿರುಚಿ, ದೇವರ ಭಕ್ತಿಯಲ್ಲ.) ದೇವಾದಿಗಳಿಂದ ಬರುವ ಆಗಂತು ಉನ್ಮಾದವನ್ನು ಚರಕನು ಹೇಳಿಲ್ಲವೆಂದಲ್ಲ. ಆದರೆ ರೋಗಕ್ಕೆ ದೇವತೆಗಳನ್ನಾಗಲಿ ಪಿತೃಗಳನ್ನಾಗಲಿ ರಾಕ್ಷಸರನ್ನಾಗಲಿ ದೂರಬಾರದೆಂದೂ ಅವನೇ ಎಚ್ಚರಿಸುತ್ತಾನೆ, ಪ್ರಜ್ಞಾಪರಾಧವೇ ಮೂಲವೆನ್ನುತ್ತಾನೆ. ಈಗಿನ ವೈದ್ಯಶಾಸ್ತ್ರ ರೋಗಿಯ ಮೇಲೂ ಅಪರಾಧ ಹೊರಿಸುವುದಿಲ್ಲ. ಅನುವಂಶೀಯತೆ, ಮೆದುಳಿನ ವ್ಯಾಪಾರ, ಬಾಳಿನ ಆಘಾತ ಇವೆಲ್ಲ ಸೇರಿ ರೋಗ ಬರುತ್ತದೆಂದು ಹೇಳುತ್ತದೆ. ಈ ಮಾತಿನಲ್ಲಿ ಹೆಚ್ಚಿನ ಕರುಣೆಯಿದೆ. ಪ್ರಾರ್ಥನೆಗೆ ಎಡೆಯಿಲ್ಲವೆ? ಇದೆ. ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯವೆಂದು ಚರಕನು ಚಿಕಿತ್ಸೆಯನ್ನು 3 ಬಗೆಯಾಗಿ ಹೇಳಿದ್ದಾನೆ. ಹರಕೆ ಹೊತ್ತವರು ಔಷಧವನ್ನು ಬಿಡಬೇಕೆಂದು ಅವನು ಎಲ್ಲಿಯೂ ಹೇಳಲಿಲ್ಲ.

ಬಿಟ್ಟುದರ ಫಲವನ್ನು ದೇಶ ಕಂಡಿದೆ. ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಕೃಪೆಯಿಂದ ಗುಣವಾದೀತೆಂದು ಮನೆಯವರು ತಂದುಬಿಟ್ಟಿದ್ದ ರೋಗಿಗಳು, 2001ರ ಆಗಸ್ಟ್ 6ರಂದು ಒಂದು ಖಾಸಗಿ ಆಶ್ರಯಗೃಹಕ್ಕೆ ಬೆಂಕಿ ಬಿದ್ದಾಗ ಸರಪಳಿ ಬಿಡಿಸಿಕೊಳ್ಳಲಾರದೆ ಸುಟ್ಟುಹೋದರು. ಸತ್ತವರು 28 ಮಂದಿ. ಇದು ಯಾವುದೇ ಒಂದು ಮತದ ದೋಷವಲ್ಲ. ರೋಗಿಗಳನ್ನು ಬಿಟ್ಟುಹೋಗುವ ರೂಢಿ ಹಿಂದೂ ದೇವಾಲಯಗಳ ಬಳಿಯೂ ಉಂಟು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ.

ಮನೆಯೊಳಗಿನ ಸರಪಳಿಗಳೇ ಬೇರೆ. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂಬ ಗಾದೆಯ ಉತ್ತರಾರ್ಧವನ್ನೇ ವೈದ್ಯವೆಂದು ನಂಬಿ, ಏನನ್ನೂ ತಿಳಿಸದೆ ಹೆಣ್ಣು ತಂದು ಇಬ್ಬರ ಬಾಳನ್ನೂ ಕೆಡಿಸಿದವರಿದ್ದಾರೆ. ಊರು ಬಿಟ್ಟು ಬಂದ ಕುಟುಂಬಗಳಲ್ಲಿ, ಎರಡು ಕೋಣೆಯ ಮನೆಗಳಲ್ಲಿ, ಈ ಗುಟ್ಟು ಇನ್ನೂ ಭಾರ. ನೆಂಟರು ಬಂದರೆ ತಮ್ಮನಿಗೆ ಮೈಯಲ್ಲಿ ಹುಷಾರಿಲ್ಲ ಎನ್ನುತ್ತಾರೆ. ಅಷ್ಟಮಿಯ ಸಂಜೆ ಮನೆಯವರೆಲ್ಲ ಪೂಜೆಯ ಮಂಟಪಕ್ಕೆ ಬಂದು, ಮಾತೃರೂಪದ ಶ್ಲೋಕಕ್ಕೆ ಕೈಮುಗಿದು, ಮುಂದಿನ ಶ್ಲೋಕಕ್ಕೂ ಕೈಮುಗಿಯುವಾಗ, ಒಳಕೋಣೆಯ ಚಿಲಕವನ್ನು ಹೊರಗಿನಿಂದ ಹಾಕಿ ಬಂದಿರುತ್ತಾರೆ.