ಇನ್ನೊಬ್ಬರ ಲೆಕ್ಕ, ನಮ್ಮ ಧರ್ಮ

ದೀಪಾವಳಿಯ ಸಂಜೆ ಹೈದರಾಬಾದಿನ ಬೇಗಂ ಬಜಾರಿನಲ್ಲಿ ಲೆಕ್ಕದ ಪುಸ್ತಕಕ್ಕೆ ಪೂಜೆ ನಡೆಯುತ್ತದೆ. ಕೆಂಪು ರಟ್ಟಿನ ಹೊಸ ಖಾತೆಪುಸ್ತಕದ ಮೊದಲ ಪುಟದಲ್ಲಿ ಸ್ವಸ್ತಿಕ ಬಿಡಿಸಿ, ಶುಭ, ಲಾಭ ಎಂದು ಬರೆದು, ಅಕ್ಷತೆ ಹಾಕುತ್ತಾರೆ. ಪಕ್ಕದಲ್ಲಿರುವ ಕಂಪ್ಯೂಟರಿಗೂ ಕುಂಕುಮ ಇಡುತ್ತಾರೆ. ನಿಜವಾದ ಖಾತೆ ಈಗ ಇರುವುದು ಅದರೊಳಗಿನ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲೇ. ನಾನು ಬೀದರ್ ಕಡೆಯವಳು, ಮನೆ ಕಾಚಿಗುಡದಲ್ಲಿ, ಈ ಬಜಾರಿನ ಸಣ್ಣ ಅಂಗಡಿಗಳ ಲೆಕ್ಕ ನೋಡಿಕೊಳ್ಳುವುದು ನನ್ನ ಕಸುಬು. "ಇದರ ಇನ್ನೊಂದು ಪ್ರತಿ ಎಲ್ಲಿದೆ?" ಎಂದು ಕೇಳಿದಾಗಲೆಲ್ಲ ಹಿರಿಯ ಸೇಠರೊಬ್ಬರು ಗೋಡೆಯ ಮೇಲಿನ ಲಕ್ಷ್ಮಿಯ ಪಟ ತೋರಿಸುತ್ತಾರೆ: "ಊಪರ್‌ವಾಲಾ ಹೈ ನಾ, ಬೇಟಿ." ಮೇಲಿರುವವನು ಇದ್ದಾನಲ್ಲ ಮಗಳೇ, ಎಂದು.

ಆ ಉತ್ತರವನ್ನು ನಾನು ತಳ್ಳಿಹಾಕುವುದಿಲ್ಲ. ಇದ್ದದ್ದೆಲ್ಲ ಒಂದು ದಿನ ಅಳಿಯುವಂಥದ್ದು, ಕಾಯುವವನು ದೇವರು. ಹಾಗಿರುವಾಗ ಪ್ರತಿಯ ಮೇಲೆ ಪ್ರತಿ ಮಾಡಿಡುವುದು ನಂಬಿಕೆ ಸಾಲದ್ದರ ಗುರುತೇ? ಕೂಡಿಟ್ಟದ್ದರ ಮೇಲಿನ ಮೋಹವೇ? ದೈವ ದೊಡ್ಡದೋ ಪುರುಷಪ್ರಯತ್ನ ದೊಡ್ಡದೋ ಎಂಬ ಹಳೆಯ ಪ್ರಶ್ನೆಯೇ ಇಲ್ಲಿ ಹಾರ್ಡ್ ಡಿಸ್ಕಿನ ರೂಪದಲ್ಲಿ ಬಂದು ಕುಳಿತಿದೆ.

ಈ ಪ್ರಶ್ನೆಗೆ ಹೈದರಾಬಾದ್ ಒಮ್ಮೆ ಉತ್ತರ ಕೊಟ್ಟಿದೆ. 1908ರ ಸೆಪ್ಟೆಂಬರ್ 28ರಂದು ಊರಿನ ಮೂಸಿ ನದಿ ಉಕ್ಕಿತು. ಬಜಾರಿಗೆ ಹತ್ತಿರದಲ್ಲೇ ಇರುವ ಅಫ್ಜಲ್‌ಗಂಜಿನಲ್ಲಿ ಒಂದು ಹುಣಸೆಮರ ಹತ್ತಿ ಸುಮಾರು 150 ಜನ ಉಳಿದರು. ಊರಿನಲ್ಲಿ ಸತ್ತವರು ಸುಮಾರು 15,000 ಎಂದು ಅಂದಾಜು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ನದಿಯ ದಡಕ್ಕೆ ಬಂದು ಮೂಸಿಗೆ ಆರತಿ ಎತ್ತಿ ಬೇಡಿಕೊಂಡರೆಂದು ಹಳಬರು ಇಂದಿಗೂ ಹೇಳುತ್ತಾರೆ. ಮರುವರ್ಷ ಅವರ ಸರ್ಕಾರದ ಕರೆಯ ಮೇರೆಗೆ ನಮ್ಮ ಎಂ. ವಿಶ್ವೇಶ್ವರಯ್ಯ ಬಂದರು. ಬಿದ್ದ ಮಳೆಯ ಲೆಕ್ಕ ಹಾಕಿದರು, ನದಿಯ ಮೇಲ್ಭಾಗದಲ್ಲಿ ಇನ್ನೂರಕ್ಕೂ ಹೆಚ್ಚು ಕೆರೆಗಳು ಒಡೆದದ್ದನ್ನು ಗಮನಿಸಿದರು, ನೀರನ್ನು ಊರಿಗಿಂತ ಮೇಲೆಯೇ ತಡೆದು ನಿಲ್ಲಿಸಬೇಕೆಂದರು. ಹಾಗೆ ಕಟ್ಟಿದ ಜಲಾಶಯಗಳಾದ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಮಹಬೂಬರು 1911ರಲ್ಲೇ ತೀರಿಕೊಂಡಿದ್ದರು, ಎರಡನ್ನೂ ನೋಡಲಿಲ್ಲ.

ಆರತಿಗೂ ಅಣೆಕಟ್ಟಿಗೂ ಜಗಳವಿರಲಿಲ್ಲ ಎಂಬುದು ಇದರಿಂದ ನಾನು ಕಲಿತ ಮೊದಲ ಪಾಠ. ಎರಡನೆಯದು ಇನ್ನೂ ಆಳದ್ದು. ಆಪತ್ತಿಗೆ ಮುಂಚಿತವಾಗಿ ಮಾಡುವ ಕೆಲಸದ ಫಲ ಮಾಡಿದವನ ಕಣ್ಣಿಗೆ ಬೀಳುವುದಿಲ್ಲ. ಏನೂ ಆಗದೆ ಉಳಿಯುವುದೇ ಅದರ ಫಲ. ಅದನ್ನು ಕಂಡು ಯಾರೂ ಹಾರ ಹಾಕುವುದಿಲ್ಲ. ಫಲದ ಆಸೆಯಿಲ್ಲದ ಕರ್ಮ ಎಂದು ಗೀತೆ ಹೇಳುವುದಕ್ಕೆ ಅಂಗಡಿಯ ಬದುಕಿನಲ್ಲಿ ಇದಕ್ಕಿಂತ ಹತ್ತಿರದ ಕೆಲಸ ನನಗೆ ಕಾಣದು.

ಮೋಹದ ಪ್ರಶ್ನೆಯನ್ನು ನನಗೆ ಬಿಡಿಸಿಕೊಟ್ಟದ್ದು 2020ರ ಅಕ್ಟೋಬರ್ 13ರ ಮಳೆ. ಸ್ಟೀಲ್ ಪಾತ್ರೆಯ ಸಗಟು ವ್ಯಾಪಾರಿಯೊಬ್ಬರ ಸೆಲ್ಲಾರಿಗೆ ಆ ರಾತ್ರಿ ನೀರು ನುಗ್ಗಿತು. ಕಂಪ್ಯೂಟರ್ ಮುಳುಗಿತು. ಬ್ಯಾಕಪ್ ತೆಗೆದಿದ್ದ ಡಿಸ್ಕ್ ಅದೇ ಮೇಜಿನ ಡ್ರಾಯರಿನಲ್ಲಿತ್ತು, ಅದೂ ಮುಳುಗಿತು. "ಭಗವಂತ ಕೊಟ್ಟಿದ್ದ, ಭಗವಂತ ತೆಗೆದುಕೊಂಡ" ಎಂದರು ವ್ಯಾಪಾರಿ. ಅವರ ಕಣ್ಣಲ್ಲಿ ನೀರಿರಲಿಲ್ಲ. ಅದು ದೊಡ್ಡ ಮಾತೇ ಸರಿ. ಆದರೆ ಆ ಲೆಕ್ಕದೊಳಗೆ ನಾರಾಯಣಪೇಟೆ ಕಡೆಯ ಹಮಾಲನೊಬ್ಬನ ದುಡ್ಡೂ ಇತ್ತು. ಕೂಲಿಯಲ್ಲಿ ವಾರವಾರ ಇಷ್ಟಿಷ್ಟು ಆ ವ್ಯಾಪಾರಿಯ ಬಳಿಯೇ ಬಿಟ್ಟು, ದಸರಾಕ್ಕೆ ಊರಿಗೆ ಹೋಗುವಾಗ ಒಟ್ಟಿಗೆ ಪಡೆಯುವುದು ಅವನ ರೂಢಿ. ಅವನ ಕೈಯಲ್ಲಿ ಚೀಟಿ ಇರಲಿಲ್ಲ. ಮೊತ್ತ ಬಾಯಲ್ಲಿ ಹೇಳಿದ. ಅಷ್ಟಿರಲಾರದು ಎಂದು ವ್ಯಾಪಾರಿಗೆ ಅನ್ನಿಸಿತು. ಕೊನೆಗೆ ಕೊಟ್ಟರು, ನಿಜ. ಆದರೆ ತನ್ನ ಬೆವರಿನ ದುಡ್ಡಿಗೆ ಆ ಮನುಷ್ಯ ಎಲ್ಲರೆದುರು ದೇವರ ಆಣೆ ಹಾಕಬೇಕಾಯಿತು.

ಅಂದಿನಿಂದ ನನ್ನ ನಿಲುವು ಗಟ್ಟಿಯಾಗಿದೆ. ವೈರಾಗ್ಯ ಸಲ್ಲುವುದು ನಮ್ಮದರ ಬಗ್ಗೆ. ನನ್ನ ಲಾಭ ಹೋಯಿತು, ಹೋಗಲಿ ಎನ್ನುವುದು ವೈರಾಗ್ಯ. ಇನ್ನೊಬ್ಬರದು ಹೋಯಿತು, ಹೋಗಲಿ ಎನ್ನುವುದು ಅಲಕ್ಷ್ಯ. ಅಂಗಡಿಯ ಲೆಕ್ಕದಲ್ಲಿ ನಮ್ಮದು ಇರುವುದು ಕಡಿಮೆ. ಜಹೀರಾಬಾದಿನ ಕಿರಾಣಿಯವನು ಕಟ್ಟಿದ ಮುಂಗಡ, ಮಾಲು ಕಳಿಸಿದವನಿಗೆ ಕೊಡಬೇಕಾದ ಬಾಕಿ, ಉದ್ರಿ ತೀರಿಸಿದವನ ರಸೀದಿ, ಕೆಲಸದವರ ಕೂಲಿ, ಎಲ್ಲವೂ ನಮ್ಮನ್ನು ನಂಬಿ ಇಟ್ಟ ಇಡುಗಂಟು. ಜಿಎಸ್‌ಟಿ ಕಾನೂನು ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು ದಾಖಲೆ ಇಡು ಎನ್ನುತ್ತದೆ. ಕೊಟ್ಟ ಮಾತಿಗೆ ಅಂಥ ಗಡುವಿಲ್ಲ.

ಪ್ರತಿ ಮಾಡುವುದು ಅಪನಂಬಿಕೆಯೆಂದು ನಮ್ಮ ಹಿರಿಯರು ಬಗೆದಿರಲಿಲ್ಲ. ಆಹಾರ, ಔಷಧ, ಅಭಯಗಳ ಜೊತೆಗೆ ಶಾಸ್ತ್ರದಾನವನ್ನೂ ಜೈನರು ದಾನವೆಂದೇ ಎಣಿಸಿದರು. ಸಾವಿರ ವರ್ಷದ ಹಿಂದೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ಹಂಚಿದಳು. ಹಂಚಿದಳು ಎಂಬಲ್ಲೇ ಸತ್ತ್ವವಿದೆ. ಸಾವಿರವನ್ನೂ ತನ್ನ ಮನೆಯ ಪೆಟ್ಟಿಗೆಯಲ್ಲಿಟ್ಟಿದ್ದರೆ ಒಂದು ಬೆಂಕಿಗೆ ಒಂದು ಪ್ರತಿಯಷ್ಟೇ ಸುಲಭದ ತುತ್ತಾಗುತ್ತಿತ್ತು. ಇನ್ನೊಂದು ಕಡೆ ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಎಂಬ ಜೈನ ಟೀಕಾಗ್ರಂಥದ ಓಲೆಪ್ರತಿಗಳು ಶತಮಾನಗಳ ಕಾಲ ಭಕ್ತಿಯ ಕಾವಲಿನಲ್ಲಿದ್ದವು. ಜನ ದರ್ಶನ ಪಡೆದು ಕೈಮುಗಿದರು. ಆ ಭಕ್ತಿಯೇ ಅವನ್ನು ಉಳಿಸಿತು, ಅದಕ್ಕೆ ನನ್ನ ನಮಸ್ಕಾರ. ಆದರೆ ಗರಿಗಳು ಸವೆಯುತ್ತಿದ್ದವು. 1939ರಲ್ಲಿ ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಅಚ್ಚು ಶುರುವಾದ ಮೇಲೆಯೇ ಆ ಗ್ರಂಥ ಊರೂರಿಗೆ ತಲುಪಿ ನಿರಾಳವಾಯಿತು.

ಆದ್ದರಿಂದ ನಾನು ಅಂಗಡಿಯವರಿಗೆ ಹೇಳುವುದು ಸರಳ. ಲೆಕ್ಕದ ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿರಲಿ, ಒಂದಾದರೂ ಬೇರೆ ಊರಿನಲ್ಲೋ ಕ್ಲೌಡಿನಲ್ಲೋ ಇರಲಿ. ಒಂದು ಡಿಸ್ಕ್ ಯಾವಾಗಲೂ ತಂತಿ ಬಿಚ್ಚಿಯೇ ಇರಲಿ, ಏಕೆಂದರೆ ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಜೋಡಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ. ಬ್ಯಾಕಪ್ ಆಯಿತು ಎಂಬ ಹಸಿರು ಗುರುತು ಕಂಡರೆ ಸಾಲದು. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆಯಿರಿ. ಒಬ್ಬ ಗಿರಾಕಿಯ ಖಾತೆ ತೆಗೆದು ಕಾಗದದ ಬಿಲ್ಲಿಗೆ ಬೆರಳಿಟ್ಟು ತಾಳೆ ನೋಡಿರಿ. ಮೊದಲು ಯಾರಿಗೆ ಫೋನ್ ಮಾಡಬೇಕು, ಪಾಸ್‌ವರ್ಡ್ ಯಾರ ಬಳಿ ಇದೆ, ಎರಡು ದಿನ ಕಂಪ್ಯೂಟರ್ ಇಲ್ಲದೆ ಬಿಲ್ ಬರೆಯುವುದು ಹೇಗೆ ಎಂದು ಒಂದು ಹಾಳೆಯಲ್ಲಿ ಬರೆದು ಮನೆಯವರಿಗೆ ಕೊಡಿರಿ. ದಿನಗೂಲಿಯವರಿಗೆ ಚೀಟಿ ಕೊಡಿರಿ, ಅವರ ಕೈಯಲ್ಲಿರುವುದೂ ಒಂದು ಪ್ರತಿಯೇ.

ಹೀಗೆ ಮಾಡಿದ ಮೇಲೂ ಯಾವುದೂ ಶಾಶ್ವತವಲ್ಲ ಎಂಬುದು ನನಗೆ ಗೊತ್ತು. ಶಾಶ್ವತ ನಮ್ಮ ಗುರಿಯೂ ಅಲ್ಲ. ನಾಳೆ ಬಾಗಿಲಿಗೆ ಬಂದು ನನ್ನದೆಷ್ಟು ಎಂದು ಕೇಳುವವನಿಗೆ ಸರಿಯಾದ ಉತ್ತರ ಕೊಡುವಷ್ಟು ಕಾಲ ಉಳಿದರೆ ಸಾಕು. ಎಲ್ಲವೂ ದೇವರದು ಎಂದು ಸೇಠರು ಮನಸಾರೆ ನಂಬುತ್ತಾರೆ, ನಾನೂ ನಂಬುತ್ತೇನೆ. ಎಲ್ಲವೂ ಎಂದ ಮೇಲೆ ಹಮಾಲನ ದುಡ್ಡೂ ದೇವರದೇ. ಅದನ್ನು ಕಾಯುವ ಕೆಲಸವನ್ನು ದೇವರು ನಮಗೆ ಒಪ್ಪಿಸಿದ್ದಾನೆ. ಒಪ್ಪಿಸಿದ ಕೆಲಸವನ್ನು ತಿರುಗಿ ಅವನ ಮೇಲೆಯೇ ಹಾಕುವುದು ಭಕ್ತಿಯಲ್ಲ.