ಅಲೆಕ್ಸಿಸನ ಹೊಟ್ಟೆ ಯಾರದು?



ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇದೆ, ತಿಂದದ್ದನ್ನು ಜಠರರಸ ಕರಗಿಸುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಬಿಎಸ್ಸಿಯಲ್ಲಿ ಅದನ್ನೇ ಇನ್ನೂ ನಾಲ್ಕು ಪುಟ ಹೆಚ್ಚು ಬರೆದು ಅಂಕ ಪಡೆದೆವು. ಇದೆಲ್ಲ ಯಾರ ಹೊಟ್ಟೆಯೊಳಗೆ ಇಣುಕಿ ಖಚಿತವಾಯಿತು ಎಂದು ಮಾತ್ರ ಕೇಳಲಿಲ್ಲ. ಅವನೂ ನಮ್ಮಂತೆ ಕಥೋಲಿಕನೇ, ಓದು ಬರಹ ಬಾರದ ಕೂಲಿಯಾಳು.

1822ರ ಜೂನ್ 6ರಂದು ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ, ತುಪ್ಪಳ ವ್ಯಾಪಾರದ ಅಂಗಡಿಯೊಂದರಲ್ಲಿ ಕೋವಿ ಅಕಸ್ಮಾತ್ತಾಗಿ ಹಾರಿತು. ಗುಂಡು ತಗುಲಿದ್ದು ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೆನಡಾದ ಫ್ರೆಂಚ್ ಯುವಕನಿಗೆ. ಎಡಪಕ್ಕೆ ಸೀಳಿಹೋಗಿತ್ತು. ಬದುಕುವ ಆಸೆ ಇರಲಿಲ್ಲ. ಆದರೂ ಸೇನೆಯ ವೈದ್ಯ ವಿಲಿಯಂ ಬ್ಯೂಮಾಂಟ್ ಬಿಡದೆ ಆರೈಕೆ ಮಾಡಿದರು. ಇವನ ಖರ್ಚು ಇನ್ನು ನಮ್ಮಿಂದಾಗದು ಎಂದು ಊರಿನವರು ಕೈಚೆಲ್ಲಿದಾಗ ತಮ್ಮ ಮನೆಗೇ ಕರೆದೊಯ್ದರು. ಇಲ್ಲಿಯವರೆಗೆ ಇದು ಒಳ್ಳೆಯ ಸಮಾರ್ಯದವನ ಕಥೆಯೇ.

ಗಾಯ ಮಾಯಿತು, ತೂತು ಮುಚ್ಚಲಿಲ್ಲ. ಜಠರದ ಗೋಡೆ ಪಕ್ಕೆಯ ಚರ್ಮಕ್ಕೆ ಅಂಟಿಕೊಂಡು ಅಲ್ಲೊಂದು ಕಿಂಡಿ ಉಳಿಯಿತು. ಹೊಲಿದು ಮುಚ್ಚೋಣವೆಂದರೆ ಅವನೇ ಒಪ್ಪಲಿಲ್ಲ ಎಂದು ಬ್ಯೂಮಾಂಟ್ ಬರೆದಿದ್ದಾರೆ. 1825ರ ಆಗಸ್ಟ್ 1ರ ಮಧ್ಯಾಹ್ನ ಅವರು ಮಾಂಸದ ತುಂಡು, ಹಳಸಿದ ಬ್ರೆಡ್ಡು, ಹಸಿ ಕೋಸನ್ನು ರೇಷ್ಮೆ ದಾರಕ್ಕೆ ಕಟ್ಟಿ ಕಿಂಡಿಯಿಂದ ಒಳಗಿಳಿಸಿದರು. ಒಂದು ಗಂಟೆ ಬಿಟ್ಟು ಎಳೆದು ನೋಡಿದರೆ ಕೋಸು, ಬ್ರೆಡ್ಡು ಅರ್ಧ ಕರಗಿತ್ತು, ಮಾಂಸ ಹಾಗೇ ಇತ್ತು. ಅಂದೇ ಅಲೆಕ್ಸಿಸನಿಗೆ ಹೊಟ್ಟೆಯಲ್ಲಿ ಸಂಕಟ ಶುರುವಾಯಿತು. ಮುಂದೆ ಜಠರರಸವನ್ನು ಶೀಸೆಗೆ ತೆಗೆದು, ಮೈಬಿಸಿಯಷ್ಟೇ ಬೆಚ್ಚಗಿಟ್ಟು, ಅದರಲ್ಲೂ ಮಾಂಸ ಕರಗುವುದನ್ನು ಕಂಡರು. ಹೊಟ್ಟೆ ಆಹಾರವನ್ನು ಅರೆಯುತ್ತದೋ, ಕೊಳೆಸುತ್ತದೋ, ಕರಗಿಸುತ್ತದೋ ಎಂಬ ಹಳೆಯ ಜಗಳಕ್ಕೆ ಅದು ದೊಡ್ಡ ಉತ್ತರ. ಸಿಟ್ಟು ಬಂದಾಗ ಜೀರ್ಣಕ್ರಿಯೆ ಕೆಡುವುದನ್ನೂ ಗಮನಿಸಿದರು. (ಯಾರ ಸಿಟ್ಟು ಎಂದು ಬೇರೆ ಹೇಳಬೇಕೆ?) 1833ರಲ್ಲಿ ಅವರ ಪುಸ್ತಕ ಬಂತು.

ಅದಕ್ಕೂ ಮೊದಲು, 1832ರಲ್ಲಿ, ಒಂದು ಕರಾರುಪತ್ರವಾಗಿತ್ತು. ವರ್ಷಕ್ಕೆ 150 ಡಾಲರ್, ಊಟ, ಬಟ್ಟೆ, ವಸತಿ. ಅಲೆಕ್ಸಿಸನ ಮಾತು ಫ್ರೆಂಚ್, ಪತ್ರ ಇಂಗ್ಲಿಷಿನದು. ಸಹಿಯ ಜಾಗದಲ್ಲಿ ಅವನು ಗುರುತು ಹಾಕಿದ. 1834ರಲ್ಲಿ ಊರಿಗೆ ಹೋದವನು, ಬ್ಯೂಮಾಂಟ್ ಎಷ್ಟು ಪತ್ರ ಬರೆದರೂ ಹಿಂದಿರುಗಲಿಲ್ಲ.

ಯುವಕೂಟದಲ್ಲಿ ಈ ಕಥೆ ಹೇಳಿದಾಗ ನಮ್ಮಲ್ಲೊಬ್ಬರು, ಒಬ್ಬನಿಗೆ ಹೊಟ್ಟೆನೋವು, ಕೋಟಿ ಜನಕ್ಕೆ ಉಪಕಾರ, ಇದರಲ್ಲಿ ತಪ್ಪೇನು ಎಂದರು. ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ. ಬ್ಯೂಮಾಂಟ್ ಕಟುಕರಲ್ಲ, ಜೀವ ಉಳಿಸಿದವರು. ಆದರೆ ನಮಗೆ ತೊಡಕು ಕಾಣುವುದೂ ಅಲ್ಲೇ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಂಬಿದ ಬಡವ, ಅನ್ನ ಹಾಕಿದವರಿಗೆ ಬೇಡ ಎನ್ನುವುದು ಹೇಗೆ? ಅವನ ಒಪ್ಪಿಗೆಯಲ್ಲಿ ಒಪ್ಪಿಗೆ ಎಷ್ಟು, ಋಣ ಎಷ್ಟು? 1952ರ ಸೆಪ್ಟೆಂಬರಿನಲ್ಲಿ ವೈದ್ಯರ ಸಮ್ಮೇಳನವೊಂದಕ್ಕೆ ಮಾತನಾಡಿದ ಜಗದ್ಗುರು ಹನ್ನೆರಡನೇ ಪಯಸ್ ಅವರು, ವಿಜ್ಞಾನದ ಹಿತಕ್ಕೂ ಸಮಾಜದ ಹಿತಕ್ಕೂ ಮೇರೆಯಿದೆ, ಮನುಷ್ಯ ಸಮಾಜಕ್ಕಾಗಿ ಬಳಸುವ ಬಿಡಿಭಾಗವಲ್ಲ ಎಂಬ ನಿಲುವು ತಾಳಿದರು. ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2295ನೆಯ ಪರಿಚ್ಛೇದವೂ ತಿಳಿದು ಕೊಟ್ಟ ಒಪ್ಪಿಗೆಯನ್ನು ಕೇಳುತ್ತದೆ. ಇನ್ನೂ ಹಿಂದೆ ಹೋದರೆ, ಕುರುಡ ಬಾರ್ತಿಮಾಯನಿಗೆ ಬೇಕಾದದ್ದು ಏನೆಂದು ದಾರಿಯಲ್ಲಿದ್ದ ಯಾರಿಗಾದರೂ ಗೊತ್ತಿತ್ತು. ಪ್ರಭು ಯೇಸು ಆದರೂ ಅವನನ್ನೇ ಕೇಳಿದರು.

1880ರಲ್ಲಿ ಅಲೆಕ್ಸಿಸ್ ತೀರಿಕೊಂಡಾಗ ಬ್ಯೂಮಾಂಟ್ ಸತ್ತು 27 ವರ್ಷವಾಗಿತ್ತು. ಹೆಸರಾಂತ ವೈದ್ಯ ವಿಲಿಯಂ ಆಸ್ಲರ್ ಅವನ ಜಠರವನ್ನು ಸಂಗ್ರಹಾಲಯಕ್ಕೆ ಪಡೆಯಲು ಬಯಸಿದ್ದರು. ಮನೆಯವರು ವೈದ್ಯರ ಕೈಗೆ ಸಿಗದಿರಲೆಂದು ಹೆಣವನ್ನು ಜೂನ್ ತಿಂಗಳ ಸೆಕೆಯಲ್ಲಿ ಇಟ್ಟುಕೊಂಡು ಬೇಕೆಂದೇ ಕೊಳೆಯಲು ಬಿಟ್ಟರು. ನಾತ ತಡೆಯಲಾಗದೆ ಬಲಿಪೂಜೆಯ ಹೊತ್ತಿನಲ್ಲಿ ಪೆಟ್ಟಿಗೆಯನ್ನು ಚರ್ಚಿನ ಹೊರಗೇ ಇಡಬೇಕಾಯಿತು. ಎಂಟು ಅಡಿ ಆಳದಲ್ಲಿ ಹೂಳಿದರು. ನಾವು ಹೆಣಕ್ಕೆ ಸ್ನಾನ ಮಾಡಿಸಿ ಹೊಸ ಬಟ್ಟೆ ಉಡಿಸುವ ಜನ. ತಂದೆಯ ದೇಹಕ್ಕೆ ಮಕ್ಕಳೇ ಹೀಗೆ ಮಾಡಬೇಕಾದರೆ ಅವರ ಹೆದರಿಕೆ ಎಷ್ಟಿದ್ದಿರಬೇಕು.

ಬ್ಯೂಮಾಂಟರನ್ನು ಅಳೆಯುವ ಮೊದಲು ನಮ್ಮದನ್ನೂ ಹೇಳಬೇಕು. ಈಚೆಗೆ ತಾಳವಾಡಿ ಕಡೆಯ ಅಜ್ಜಿಯೊಬ್ಬರನ್ನು ಎಂಡೋಸ್ಕೋಪಿಗೆಂದು ದಿಂಬಂ ಘಟ್ಟದ 27 ತಿರುವು ಇಳಿದು ಕರೆದೊಯ್ದಿದ್ದೆವು. ಫಾರಂ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಇತ್ತು. ಅಜ್ಜಿ, "ಏನ್ ಬರ್ದದೆ ಮಗ ಇದ್ರಲ್ಲಿ?" ಎಂದರು. ಸಾಲು ಉದ್ದವಿತ್ತು, ಸಂಜೆಯ ಬಸ್ಸು ತಪ್ಪುತ್ತಿತ್ತು. "ಏನಿಲ್ಲ ಅಜ್ಜಿ, ಒತ್ತಿ" ಎಂದೆವು. ಬಸ್ಸಿನಲ್ಲಿ ಕುಳಿತು ಅದರ ಪ್ರತಿ ಓದಿದರೆ, ತೆಗೆದ ಮಾದರಿಯನ್ನು ಸಂಶೋಧನೆಗೆ ಬಳಸಬಹುದು ಎಂದು ಒಂದು ಸಾಲಿತ್ತು. ಕೇಡಿನದೇನೂ ಅಲ್ಲದಿರಬಹುದು. ಆದರೆ ಏನಿಲ್ಲ ಎಂದವರು ಆಸ್ಪತ್ರೆಯವರಲ್ಲ, ನಾವು.

ಮುಂದಿನ ಭಾನುವಾರ ಅಜ್ಜಿಯ ಬಳಿ ಹೋಗಿ ಆ ಸಾಲನ್ನು ಕನ್ನಡದಲ್ಲಿ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೇಳಿದ್ರೆ ನಾನೇನ್ ಬ್ಯಾಡ ಅಂತಿದ್ನಾ ಮಗ?" ಎಂದರು.

ತಮಿಳು, ಇಂಗ್ಲಿಷ್ ಓದಬಲ್ಲ ಐದು ಜನ ನಮ್ಮ ಯುವಕೂಟದಲ್ಲಿದ್ದೇವೆ. ಆಸ್ಪತ್ರೆಯ ಫಾರಂ ಇದ್ದವರು ಭಾನುವಾರದ ಪೂಜೆ ಮುಗಿದ ಮೇಲೆ ತನ್ನಿ, ಕೂತು ಓದೋಣ.